ಕತ್ತರಿ ಕಾಣದ ಟಗರು

ಉಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಬೀದಿಯವರೆಲ್ಲ ಸೇರಿ ಒಂದು ಟಗರು ಕಡಿದು, ಮಾಂಸವನ್ನು ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವುದು ದುದ್ದದ ಕಡೆಯ ನಮ್ಮೂರಿನ ಪದ್ಧತಿ. ಟಗರು ಕೊಡುವ ಮನೆಗೆ ಅದೊಂದು ಗತ್ತು. ಹಬ್ಬಕ್ಕೆಂದು ಬಿಟ್ಟ ಟಗರಿಗೆ ನಮ್ಮ ಮನೆಯಲ್ಲಿ ಕತ್ತರಿ ಹಾಕುತ್ತಿರಲಿಲ್ಲ. ತುಪ್ಪಟ ಕತ್ತರಿಸಿದರೆ ಟಗರು ಬೀದಿಯವರ ಕಣ್ಣಿಗೆ ಸಣ್ಣದಾಗಿ ಕಾಣುತ್ತದೆ ಎನ್ನುವುದು ನಮ್ಮತ್ತೆಯ ಲೆಕ್ಕಾಚಾರ. ಆ ವರ್ಷ ಚನ್ನರಾಯಪಟ್ಟಣದ ಸಂತೆಯಿಂದ ತಂದ ಟಗರಂತೂ ಕಂಬಳಿ ಹೊದ್ದ ಮುದುಕನ ಹಾಗೆ ಕೊಟ್ಟಿಗೆಯಲ್ಲಿ ನಿಂತಿರುತ್ತಿತ್ತು.

ಅದನ್ನು ಮೇಯಿಸಿ ಕೊಬ್ಬಿಸುವ ಕೆಲಸ ಸೊಸೆಯಾದ ನನ್ನ ಪಾಲಿಗೆ ಬಂತು. ಹುರುಳಿ ಬೇಯಿಸಿ ಹಾಕಿದೆ, ಕಡಲೆಕಾಯಿ ಹಿಂಡಿ ಹಾಕಿದೆ, ಅಗಸೆಸೊಪ್ಪು ತಂದು ಕಟ್ಟಿದೆ. ತಿನ್ನುವುದೇನೋ ತಿನ್ನುತ್ತಿತ್ತು, ಮೈಗೆ ಮಾತ್ರ ಹತ್ತಲಿಲ್ಲ. ದೃಷ್ಟಿಯಾಗಿದೆ ಎಂದು ಅತ್ತೆ ಅದರ ಕೊರಳಿಗೆ ಕರಿದಾರ ಕಟ್ಟಿದರು. ನನಗೆ ಸಿಟ್ಟು ಬರುತ್ತಿತ್ತು. ನಾನೇ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ ಕಾಲ ಅದು. ಅಂಥದ್ದರಲ್ಲಿ ಇದರ ಉಪಚಾರ ಬೇರೆ, ಆ ಮಹಾರಾಯ ಉಪಕಾರಕ್ಕಾದರೂ ದಪ್ಪಗಾಗಲಿಲ್ಲ.

ಒಂದು ಬೆಳಿಗ್ಗೆ ತುಪ್ಪಟದೊಳಗೆ ಕೈ ತೂರಿಸಿ ನೋಡಿದೆ. ಬೆನ್ನುಮೂಳೆ ನೆಟ್ಟಗೆ ಕೈಗೆ ಸಿಕ್ಕಿತು. ಅದರ ಪಕ್ಕದಲ್ಲೇ ರಕ್ತ ಕುಡಿದು ಊದಿದ ಉಣುಗುಗಳು ಸಾಲಾಗಿ ಕಚ್ಚಿಕೊಂಡಿದ್ದವು. ಹೊರಗೆ ನಾವು ಗತ್ತು ಬೆಳೆಸುತ್ತಿದ್ದರೆ ಒಳಗೆ ಅವು ಸಂಸಾರ ಹೂಡಿದ್ದವು.

ಪಶುವೈದ್ಯರು ಬಂದು ಟಗರಿನ ಕೆಳರೆಪ್ಪೆ ಎಳೆದು ತೋರಿಸಿದರು. ಕೆಂಪಗಿರಬೇಕಾದ ಜಾಗ ಸುಣ್ಣದ ಹಾಗೆ ಬೆಳ್ಳಗಿತ್ತು. ಕಿವಿಯಿಂದ ಒಂದು ತೊಟ್ಟು ರಕ್ತ ತೆಗೆದು ಹಾಸನದಲ್ಲಿ ಪರೀಕ್ಷೆ ಮಾಡಿಸಿ, ಮತ್ತೆ ಬಂದು ಹೇಳಿದರು.

"ಉಣುಗು ಕಚ್ಚಿ ರಕ್ತದೊಳಗೆ ಪರಾವಲಂಬಿ ಸೇರ್ಕೊಂಡಿದೆ. ರಕ್ತಾನೇ ಒಡೆದು ಹೋಗ್ತಿದ್ರೆ ತಿಂದದ್ದು ಮಾಂಸ ಆಗೋದೆಲ್ಲಿ? ಇಂಜೆಕ್ಷನ್ ಕೊಟ್ರೆ ಸುಧಾರಿಸುತ್ತೆ. ಆದ್ರೆ ಔಷಧಿ ಮೈಯಿಂದ ಇಳಿಯೋವರೆಗೂ ಕಡಿಯೋ ಹಾಗಿಲ್ಲ. ಈ ಉಗಾದಿಗಂತೂ ಆಗಲ್ಲ."

ಅತ್ತೆಯ ಮುಖ ಕಪ್ಪಿಟ್ಟಿತು. "ಬೀದಿಗೆ ಮಾತು ಕೊಟ್ಟಿದ್ದೀವಿ ಕಣವ್ವ. ಇದ್ದಂಗೇ ಕಡ್ದುಬುಡಾನ" ಎಂದು ನನ್ನತ್ತ ತಿರುಗಿದರು.

"ಇದ್ದಂಗೇ ಕಡುದ್ರೆ ಗುಡ್ಡೇಲಿ ಮೂಳೆ ಬುಟ್ರೆ ಇನ್ನೇನಿರ್ತದೆ ಅತ್ತೆ? ಅದುನ್ನ ಒಯ್ದು ಬೀದಿಯೋರು ಏನ್ ಮಾಡ್ಕತಾರೆ?" ಎಂದೆ.

ಅವರು ಟಗರಿನ ಕೊರಳಿನ ಕರಿದಾರ ಬಿಚ್ಚಿಕೊಂಡು ಒಳಗೆ ಹೋದರು. ಅದನ್ನೇ ಒಪ್ಪಿಗೆ ಎಂದುಕೊಂಡು ನಾನು ಇಂಜೆಕ್ಷನ್ ಹಾಕಿಸಿದೆ.

ಹೊಸತೊಡಕಿಗೆ ಬೀದಿಯವರು ಬೇರೆ ಟಗರು ತಂದರು. "ನಿಮ್ ಟಗರಿಗೆ ಉಸಾರಿಲ್ವಂತೆ, ಅಣ್ಣು ತಕಂಡು ನೋಡ್ಕಂಡ್ ಬರಾನ?" ಎಂದು ಎದುರು ಮನೆಯಾಕೆ ಕಿಚಾಯಿಸಿದಳು. ಅತ್ತೆ ತಮ್ಮ ಪಾಲಿನ ಗುಡ್ಡೆಯನ್ನು ತಲೆ ಎತ್ತದೆ ಬಾಚಿಕೊಂಡು ಬಂದರು. ಅವತ್ತು ನನಗೂ ಸಾರು ರುಚಿಸಲಿಲ್ಲ.

ಹಬ್ಬ ಕಳೆದ ಮೇಲೆ ಟಗರಿಗೆ ಕತ್ತರಿ ಬಿತ್ತು. ಅದರ ಮೈಗೆ, ಕೊಟ್ಟಿಗೆಯ ಗೋಡೆಯ ಸಂದಿಗೆಲ್ಲ ಉಣುಗಿನ ಔಷಧಿ ಹೊಡೆದೆವು. ಮಳೆಗಾಲ ಹಿಡಿಯುವಷ್ಟರಲ್ಲಿ ಬೆನ್ನುಮೂಳೆ ಕೈಗೆ ಸಿಗದಂತಾಗಿ, ನನ್ನನ್ನೇ ಹಾಯಲು ಬರತೊಡಗಿತು. ಅದರಿಂದ ಗುಮ್ಮಿಸಿಕೊಂಡು ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು. ಅತ್ತೆಗೆ ಹೊಸ ಚಟವೊಂದು ಅಂಟಿತ್ತು. ಮನೆಗೆ ಬಂದ ಕುರಿ, ಆಡು, ಕರು ಯಾವುದನ್ನೂ ಬಿಡದೆ ರೆಪ್ಪೆ ಎಳೆದು ನೋಡುತ್ತಿದ್ದರು.

ಪಿತೃಪಕ್ಷಕ್ಕೆ ನಮ್ಮ ಟಗರನ್ನೇ ಬೀದಿಗೆ ಕೊಟ್ಟೆವು. ಗುಡ್ಡೆಗಳು ದಿಬ್ಬದ ಹಾಗೆ ಎದ್ದವು. ತಂದ ಪಾತ್ರೆ ಸಾಲದೆ ಎದುರು ಮನೆಯಾಕೆ ದೊಡ್ಡ ಪಾತ್ರೆಗೆ ಮನೆಗೆ ಹೇಳಿಕಳಿಸಿದಳು. ನಾನು ಹಿಗ್ಗಿನಲ್ಲಿ ಒಲೆಯ ಮುಂದೆ ಮಸಾಲೆ ಹುರಿಯುತ್ತಿದ್ದೆ. ಅತ್ತೆ ಬಂದು ನನ್ನ ಗಲ್ಲ ಎತ್ತಿ, ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆದರು.

"ಬೆಳ್ಳಗೈತೆ ಕಣವ್ವ. ಉಂಡದ್ದು ನಿನ್ ಮೈಗೂ ಅತ್ತಿಲ್ಲ. ಟಗರಿಗೆ ನೋಡ್ದೋಳು ನಿಂಗ್ಯಾಕೆ ನೋಡ್ನಿಲ್ಲ ನಾನು?"

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಮಸಾಲೆಯ ಘಾಟು ಎಂದುಬಿಟ್ಟೆ.

ನಮ್ಮ ಮನೆಯಲ್ಲಿ ಈಲಿ, ಅದೇ ರಕ್ತ ಹೆಚ್ಚಿಸುವ ಲಿವರ್, ಯಾವಾಗಲೂ ನನ್ನ ಗಂಡನ ತಟ್ಟೆಗೆ. ಅವತ್ತು ಹಿರಿಯರಿಗೆ ಎಡೆ ಇಟ್ಟಾದ ಮೇಲೆ ಅತ್ತೆ ಅದಷ್ಟನ್ನೂ ನನ್ನ ತಟ್ಟೆಗೆ ಬಡಿಸಿದರು. ಗಂಡ ತನ್ನ ತಟ್ಟೆ ನೋಡಿಕೊಂಡು, ನನ್ನ ತಟ್ಟೆ ನೋಡಿದ.

"ಅವ್ಳು ಉಣ್ಲಿ ಸುಮ್ಕಿರ್ಲಾ" ಎಂದರು ಅತ್ತೆ. "ನೀನು ಮೂಳೆ ಕಡಿ."