ಹೊಂಗೆ ಮರದ ಮೇಲೆ ಹೊರಿಸಿದ ತಪ್ಪು

ಚಂದನಾ, ಮನೋಜಾ, ಚಪ್ಪಲಿ ಬಿಟ್ಟು ಕಾರಿನೊಳಗೆ ಕಾಲಿಡುವ ಮೆಕ್ಯಾನಿಕ್ಕನ್ನು ನೀವು ನೋಡಿರಲಾರಿರಿ. ನಾನು ಒಬ್ಬರನ್ನು ನೋಡಿದ್ದೇನೆ. ಚಿಂತಾಮಣಿಯ ದಸ್ತಗೀರ್ ಸಾಬ್ರು. ಬಾಗಿಲು ತೆಗೆದು, ಚಪ್ಪಲಿಯನ್ನು ಜೋಡಿಯಾಗಿ ಪಕ್ಕಕ್ಕಿಟ್ಟು, ಪೈಜಾಮವನ್ನು ಮೊಣಕಾಲಿನವರೆಗೆ ಮಡಚಿ, ಯಾರದೋ ಮನೆಯೊಳಗೆ ಹೋಗುವ ಹಾಗೆ ತಲೆ ಬಗ್ಗಿಸಿ ಒಳಗೆ ಹೋಗುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿಕೊಂಡು ಅಂಗಾಲಿನಿಂದ ಕಾರಿನ ನೆಲವನ್ನು ಇಂಚಿಂಚಾಗಿ ಒತ್ತಿ ನೋಡುತ್ತಿದ್ದರು.

"ಕೈಗೆ ಮೂವತ್ತು ವರ್ಷದ ಗ್ರೀಸು ಹತ್ಕೊಂಡೈತೆ. ಅದಕ್ಕೆ ತೇವ ಎಲ್ಲಿ ಗೊತ್ತಾಗುತ್ತೆ? ಅಂಗಾಲಿಗೆ ಗೊತ್ತಾಗುತ್ತೆ," ಅನ್ನುತ್ತಿದ್ದರು.

ಇಂಜಿನ್ ಕೆಲಸ, ಬ್ರೇಕ್ ಕೆಲಸ ಎಲ್ಲವನ್ನೂ ಮಾಡುತ್ತಿದ್ದರು. ಆದರೆ ಸುತ್ತಲಿನ ಊರುಗಳಲ್ಲಿ ಅವರ ಹೆಸರು ಹೋಗಿದ್ದು ಒಂದೇ ಕೆಲಸಕ್ಕೆ. ಕಾರಿನೊಳಗೆ ನೀರು ಬರುತ್ತಿದ್ದು, ಎಲ್ಲಿಂದ ಎಂದು ಯಾರಿಗೂ ತಿಳಿಯದಿದ್ದರೆ ಶಿಡ್ಲಘಟ್ಟದವರೂ ಗೌರಿಬಿದನೂರಿನವರೂ ಅವರ ಶೆಡ್ಡಿಗೇ ಬರುತ್ತಿದ್ದರು. ತೆಳ್ಳಗಿನ ಮನುಷ್ಯ, ಬಿಳಿ ಗಡ್ಡ, ಮುರಿದ ಕೊಡೆಯ ಕಡ್ಡಿಯೊಂದು ಸದಾ ಜೇಬಿನಲ್ಲಿ. ಅವರ ಆಯುಧ ಅದೇ.

ನಾನು ಓದಿದ್ದು ನನ್ನ ತವರು ಕೆಂಚಾರ್ಲಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ. ಬರೆದು ಅಭ್ಯಾಸವಿಲ್ಲ. ನಾಲ್ಕು ಜನರ ಮುಂದೆ ಮಾತಾಡಿ ಇನ್ನೂ ಅಭ್ಯಾಸವಿಲ್ಲ. ಸಾಬ್ರ ಎದುರಿಗೆ ನಿಂತು ನಾನು ಆಡಿದ ಮಾತುಗಳನ್ನು ಲೆಕ್ಕ ಹಾಕಿದರೆ ಈ ಹಾಳೆಯ ಅರ್ಧಕ್ಕೂ ಬರಲಾರವು. ಅದಕ್ಕೇ ಈಗಲಾದರೂ ಬರೆಯಬೇಕು ಅನ್ನಿಸಿತು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಿಮ್ಮ ತಾತ ತೀರಿಕೊಂಡಾಗ ನಿಮ್ಮಪ್ಪ ಆರನೇ ಕ್ಲಾಸಿನಲ್ಲಿದ್ದ. ತಾತ ಬಿಟ್ಟುಹೋಗಿದ್ದು ಒಂದು ಬಿಳಿ ಅಂಬಾಸಿಡರ್ ಕಾರು. ಅದನ್ನು ಬಾಡಿಗೆಗೆ ಓಡಿಸಿಯೇ ನಮ್ಮ ಮನೆ ನಡೆಯುತ್ತಿತ್ತು. ತಾತ ಹೋದ ಮೇಲೆ ನನ್ನ ತಮ್ಮ ಮುನಿರಾಜು ಓಡಿಸತೊಡಗಿದ. ಮದುವೆ ದಿಬ್ಬಣ, ಆಸ್ಪತ್ರೆಗೆ ಹೋಗುವವರು, ಎಲ್ಲಕ್ಕಿಂತ ಹೆಚ್ಚಾಗಿ ರೇಷ್ಮೆ ಗೂಡಿನ ಮೂಟೆ ಹಾಕಿಕೊಂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗುವ ರೈತರು. ಆ ಕಾರು ನಿಂತರೆ ನಮ್ಮ ಒಲೆಯೂ ನಿಲ್ಲುತ್ತಿತ್ತು.

ಒಂದು ವರ್ಷ ಕಳೆಯುವಷ್ಟರಲ್ಲಿ ಕಾರಿನೊಳಗೆ ನೀರು ಬರತೊಡಗಿತು. ಮುಂದೆ ಎಡಗಡೆ ಕೂತವರ ಕಾಲು ಒದ್ದೆ. ಮ್ಯಾಟು ಎತ್ತಿದರೆ ಕೆಳಗೆ ಹಾಸಿದ ಗೋಣಿ ಪಚಪಚ. ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಪೇಟೆಯ ಮೆಕ್ಯಾನಿಕ್ ಒಬ್ಬ ಮುಂದಿನ ಗಾಜಿನ ರಬ್ಬರು ಬದಲಾಯಿಸಿದ. ಇನ್ನೊಬ್ಬ ಗಾಜಿನ ಸುತ್ತ ಡಾಂಬರು ಬಳಿದ. ನೀರು ನಿಲ್ಲಲಿಲ್ಲ. ವಿಚಿತ್ರವೆಂದರೆ ಮಳೆ ಇಲ್ಲದ ದಿನವೂ ಬರುತ್ತಿತ್ತು. ಒಂದು ಸಲ ಅಂಬಾಜಿದುರ್ಗದ ಕಡೆಯ ರೈತರೊಬ್ಬರ ಗೂಡಿನ ಮೂಟೆಯ ತಳ ನೆನೆದುಹೋಯಿತು. ನೆನೆದ ಗೂಡನ್ನು ಯಾರು ಕೊಳ್ಳುತ್ತಾರೆ? ಅವರು ಮಾರ್ಕೆಟ್ಟಿನ ನಡುವೆ ನಿಂತು ಮುನಿರಾಜುವನ್ನು ಬೈದ ಬೈಗುಳ ಅವನಿಗಿಂತ ಮೊದಲೇ ನಮ್ಮೂರಿಗೆ ಬಂದು ಮುಟ್ಟಿತು. ಬಾಡಿಗೆಗಳು ತಪ್ಪತೊಡಗಿದವು.

ಆಗ ಮನೆಯ ಯಜಮಾನಿಕೆ ತಾತನ ಅಣ್ಣ, ಅಂದರೆ ನಮ್ಮ ಭಾವನವರದು. ಕೆಟ್ಟವರಲ್ಲ. ಆದರೆ ಶಕುನ ನೋಡದೆ ಎದ್ದು ನಿಲ್ಲದ ಮನುಷ್ಯ. ಸಿಟ್ಟು ಬಂದರೆ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು. "ವದ್ದಮ್ಮಾ, ಈ ಬಂಡಿ ವದ್ದು! ಬೇಡವೇ ಬೇಡ. ಯಜಮಾನ ಹೋದ ಮೇಲೆ ಗಾಡಿನೇ ಅಳ್ತಾ ಐತೆ. ಇದು ಮನೇಲಿರಬಾರ್ದು," ಎಂದು ಗೌರಿಬಿದನೂರಿನ ಒಬ್ಬರಿಗೆ ಮಾರುವ ಮಾತು ಮುಗಿಸಿಬಿಟ್ಟರು. ಸೋಮವಾರ ಅವರು ಬಂದು ಗಾಡಿ ತೆಗೆದುಕೊಂಡು ಹೋಗುವುದು ಎಂದಾಯಿತು.

ಭಾವನವರ ಎದುರು ನಾನು ಅದುವರೆಗೆ ಬಾಯಿ ತೆರೆದವಳಲ್ಲ. ಅವತ್ತು ಬಾಗಿಲ ಹಿಂದೆ ನಿಂತು ಒಂದು ಮಾತು ಹೇಳಿದೆ. "ಒಂದು ಸಲ ದಸ್ತಗೀರ್ ಸಾಬ್ರಿಗೆ ತೋರಿಸಿ. ಆಮೇಲೆ ಮಾರಿ." ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಮುನಿರಾಜು ಸೈಕಲ್ ಹತ್ತಿ ಹೊರಟೇಬಿಟ್ಟ.

ಸಾಬ್ರ ಬಗ್ಗೆ ಅವನೇ ನನಗೆ ಹೇಳಿದ್ದ. ಶಿಡ್ಲಘಟ್ಟದ ನೂಲಿನ ವ್ಯಾಪಾರಿಯೊಬ್ಬರ ಫಿಯೆಟ್ಟಿನೊಳಗೆ ನೀರು ಬರುತ್ತಿತ್ತಂತೆ. ಗಾಜಿನ ರಬ್ಬರೇ ಕಾರಣ, ಅದನ್ನೇ ಬದಲಾಯಿಸು ಎಂದು ಅವರ ಹಠ. ಸಾಬ್ರು ವಾದ ಮಾಡಲಿಲ್ಲ. "ನಿಮ್ಮ ಗಾಡಿ ಸಾಹುಕಾರ್ರೇ, ನೀವೇ ಒಳಗೆ ಕೂತು ನೋಡಿ" ಎಂದು ಅವರನ್ನೇ ಕೂರಿಸಿ, ಬಾಗಿಲು ಹಾಕಿ, ಮೇಲಿಂದ ನೀರು ಬಿಟ್ಟರು. ಗಾಜಿನ ಹತ್ತಿರ ಒಂದು ಹನಿಯೂ ಇಲ್ಲ. ಸ್ವಲ್ಪ ಹೊತ್ತಿಗೆ ಸಾಹುಕಾರರ ಬೋಳುತಲೆಯ ನಡುಮಧ್ಯಕ್ಕೆ ಟಪ್ ಎಂದು ಬಿತ್ತು. ಸಾಮಾನು ಹೇರುವುದಕ್ಕೆ ಅವರೇ ಹಾಕಿಸಿದ್ದ ಕ್ಯಾರಿಯರಿನ ಸ್ಕ್ರೂ ಚಾವಣಿಯಲ್ಲಿ ತೂತು ಮಾಡಿತ್ತು. ಸಾಹುಕಾರರು ತಲೆ ಒರೆಸಿಕೊಂಡು, "ಮೊದಲೇ ಹೇಳಬಾರದಾ ಸಾಬ್ರೇ?" ಅಂದರಂತೆ. "ನಾನು ಹೇಳಿದ್ರೆ ನಂಬ್ತಿರಲಿಲ್ಲ. ನೀರು ಹೇಳಿದ್ರೆ ನಂಬ್ತೀರ," ಎಂದರಂತೆ ಇವರು.

ಶನಿವಾರ ಬೆಳಿಗ್ಗೆ ಸಾಬ್ರು ನಮ್ಮ ಮನೆಗೇ ಬಂದರು. ಗಾಡಿಯನ್ನು ಶೆಡ್ಡಿಗೆ ತರಿಸಲಿಲ್ಲ. "ರೋಗಿ ಎಲ್ಲಿ ಮಲಗ್ತಾನೆ, ಅದನ್ನೂ ನೋಡ್ಬೇಕು," ಅಂದರು. ಕಾರು ನಿಲ್ಲುತ್ತಿದ್ದದ್ದು ಮನೆ ಮುಂದಿನ ಹೊಂಗೆ ಮರದ ಕೆಳಗೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಅಂಗಾಲಿನಿಂದ ತಡವಿದರು. ಗೋಣಿ ಹಿಂಡಿ ಮೂಸಿದರು. "ರೇಡಿಯೇಟರ್ ನೀರಲ್ಲ. ಹೊರಗಿನ ನೀರು," ಎಂದರು. ಆಮೇಲೆ ಕೇಳಿದರು, "ಯಾವ ದಿನ ಜಾಸ್ತಿ ಒದ್ದೆ ಇರುತ್ತೆ ಮುನಿರಾಜಪ್ಪ?"

ಮುನಿರಾಜು ಯೋಚಿಸಿ, "ಶುಕ್ರವಾರ ಬೆಳಿಗ್ಗೆ ಸಾಬ್ರೇ," ಅಂದ.

"ಕೇಳಿದ್ರಾ, ಶುಕ್ರವಾರ!" ಎಂದು ಜಗಲಿಯ ಮೇಲೆ ಕೂತಿದ್ದ ಭಾವನವರು ತೊಡೆ ತಟ್ಟಿದರು. "ಲಕ್ಷ್ಮಿ ಮನೆ ಬಿಟ್ಟು ಹೋಗ್ತಾವ್ಳೆ ಅಂತ ನಾನು ಹೇಳಲಿಲ್ವಾ?"

ಮಕ್ಕಳೇ, ಇಲ್ಲಿ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ತಾತ ಇದ್ದಾಗ ಪ್ರತಿ ಶುಕ್ರವಾರ ಅವರೇ ಕಾರಿನ ಮೂತಿಗೆ ಒಂದು ಚೆಂಬು ನೀರು ಹಾಕಿ, ಕುಂಕುಮ ಇಟ್ಟು, ಹೂವು ಮುಡಿಸಿ, ಆಮೇಲೆ ಗಾಡಿ ತೆಗೆಯುತ್ತಿದ್ದರು. ಅವರು ಹೋದ ಮೇಲೆ ಅದು ನಿಂತಿತು. ನನಗೆ ತಡೆಯಲಾಗಲಿಲ್ಲ. ಗಂಡ ಸತ್ತವಳು ಬಾಡಿಗೆ ಗಾಡಿಗೆ ಪೂಜೆ ಮಾಡುವುದನ್ನು ಕಂಡರೆ ಜನ ಏನಂದಾರು? ಆ ಗಾಡಿಯಲ್ಲಿ ಯಾವ ಮದುಮಗಳು ಕೂತಾಳು? ಅದಕ್ಕೆ ಕೋಳಿ ಕೂಗುವ ಹೊತ್ತಿಗೆ ಎದ್ದು, ಬಾನೆಟ್ಟಿನ ಮೇಲೆ ನೀರು ಹಾಕಿ, ನಾಲ್ಕು ಅಕ್ಷತೆ ಕಾಳು ಹಾಕಿ, ಒಂದು ಗೇಣು ಕಟ್ಟಿದ ಹೂವನ್ನು ಯಾರಿಗೂ ಕಾಣದ ಹಾಗೆ ಒಂದು ಸಂದಿಯಲ್ಲಿ ತುರುಕಿ ಬರುತ್ತಿದ್ದೆ. ಮುಂದಿನ ಗಾಜಿನ ಕೆಳಗೆ, ಬಾನೆಟ್ ಮುಗಿಯುವ ಕಡೆ, ಒಳಗೆ ಗಾಳಿ ಬರಲೆಂದು ಒಂದು ಸಣ್ಣ ಮುಚ್ಚಳವಿರುತ್ತಿತ್ತು. ನಮ್ಮ ಕಾರಿನದು ಪೂರ್ತಿ ಮುಚ್ಚುತ್ತಿರಲಿಲ್ಲ. ಆ ಸಂದಿಯೇ ನನ್ನ ದೇವರ ಗೂಡಾಗಿತ್ತು. ಅದರ ಕೆಳಗೇನಿದೆ ಎಂದು ನನಗೆ ಗೊತ್ತಿರಲಿಲ್ಲ. "ಶುಕ್ರವಾರ" ಎಂಬ ಮಾತು ಕಿವಿಗೆ ಬಿದ್ದಾಗ ಮೊದಲ ಸಲ ನನಗೆ ಅನುಮಾನ ಬಂತು. ಕಿಟಕಿಯ ಹಿಂದೆ ಹೋಗಿ ನಿಂತೆ.

ಸಾಬ್ರು ಒಂದು ಬಟ್ಟಲು ಹಿಟ್ಟು ಕೇಳಿದರು. ಮುನಿರಾಜು ರಾಗಿ ಹಿಟ್ಟು ತಂದ. "ಅರೆ, ಅನ್ನದ ವಸ್ತು ಕಾಲ ಕೆಳಗೆ ಹಾಕ್ತಾರಾ? ರಂಗೋಲಿ ಪುಡಿ ಇಲ್ವಾ?" ಎಂದು ವಾಪಸ್ ಕಳಿಸಿದರು. ರಂಗೋಲಿ ಪುಡಿಯನ್ನು ಕಾರಿನ ನೆಲದ ತುಂಬ ಸಣ್ಣಗೆ ಉದುರಿಸಿದರು.

"ಏನ್ ಸಾಬ್ರೇ, ಗಾಡಿಗೆ ಮದುವೆನಾ?" ಅಂದರು ಭಾವನವರು.

"ಮದುವೆ ಅಲ್ಲ ಗೌಡ್ರೇ, ಕಳ್ಳನ್ನ ಹಿಡಿಯೋದು. ಒಳಗೆ ಬಂದ್ರೆ ಹೆಜ್ಜೆ ಬೀಳ್ಬೇಕಲ್ಲ."

ಅವರು ಒಳಗೆ ಕುಕ್ಕರುಗಾಲಲ್ಲಿ ಕೂತರು. ಹೊರಗಿನಿಂದ ಮುನಿರಾಜು ನೀರು ಹಾಕಬೇಕು. ಅವನು ನೇರ ಚಾವಣಿಗೆ ಕೊಡ ಎತ್ತಿದಾಗ ಗದರಿದರು. "ತಲೆ ಮೇಲೆ ಸುರಿದ್ರೆ ಎಲ್ಲಾ ಕಡೆಯಿಂದ ಒಟ್ಟಿಗೆ ಇಳಿಯುತ್ತೆ. ಯಾವುದು ತಪ್ಪಿತಸ್ಥ ಅಂತ ಹೆಂಗೆ ಹೇಳ್ತೀಯ? ಕೆಳಗಿಂದ ಮೇಲಕ್ಕೆ ಬಾ." ಮೊದಲು ಬಾಗಿಲುಗಳ ಕೆಳಗೆ ಹಾಕಿಸಿದರು. ಪುಡಿ ಒಣಗಿಯೇ ಇತ್ತು. ಆಮೇಲೆ ಗಾಜಿನ ಮೂಲೆಗಳು. ಒಂದು ಹನಿಯೂ ಇಲ್ಲ. "ಬಿದ್ದ ಕಡೆ ಬಂದಿರಲ್ಲ, ಬಂದ ಕಡೆ ಬೀಳಲ್ಲ. ನೀರಿನ ಬುದ್ಧಿನೇ ಹಂಗೆ," ಎಂದು ಒಳಗಿನಿಂದ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಕೊನೆಗೆ ಗಾಜಿನ ಬುಡಕ್ಕೆ, ನನ್ನ ಸಂದಿಯ ಮೇಲೆ, ಮೂರು ಚೆಂಬು.

"ಬಸ್, ಬಸ್! ನಿಲ್ಸು!"

ಡ್ಯಾಶ್‌ಬೋರ್ಡಿನ ಕೆಳಗಿನಿಂದ ರಂಗೋಲಿಯ ಮೇಲೆ ಒಂದು ಕಪ್ಪು ಗೆರೆ ಹರಿದು ಬಂದಿತ್ತು.

ಹೊರಗೆ ಬಂದು ಮುಚ್ಚಳ ಎತ್ತಿದರು. ಅದರ ಕೆಳಗೊಂದು ಸಣ್ಣ ತೊಟ್ಟಿ, ತೊಟ್ಟಿಯ ತಳದಿಂದ ನೀರು ಹೊರಗೆ ಹೋಗಲು ಒಂದು ರಬ್ಬರ್ ಕೊಳವೆ ಇದೆ ಎಂದು ಮುನಿರಾಜುವಿಗೆ ತೋರಿಸಿದರು. ಕೊಳವೆ ಕಟ್ಟಿಕೊಂಡರೆ ತೊಟ್ಟಿ ತುಂಬಿ ನೀರು ಒಳಗೆ ಚೆಲ್ಲುತ್ತದೆ. ಕೊಡೆಯ ಕಡ್ಡಿ ಕೊಳವೆಗೆ ಇಳಿಸಿ, ತಿರುಗಿಸಿ, ಮೆಲ್ಲಗೆ ಎಳೆದರು. ಕಪ್ಪು ಮುದ್ದೆಯೊಂದು ಬಂತು. ಕಿಟಕಿಯ ಹಿಂದಿನಿಂದ ನನಗೆ ಎಲ್ಲ ಕಾಣುತ್ತಿತ್ತು. ಕೊಳೆತ ಸೇವಂತಿಗೆ, ಹೂವು ಕಟ್ಟಿದ ಬಾಳೆನಾರು, ಉಬ್ಬಿದ ಅಕ್ಷತೆ ಕಾಳು. ಸಾಬ್ರು ಅದನ್ನೇ ಒಂದು ಗಳಿಗೆ ನೋಡಿದರು. ಅವರ ಕಣ್ಣು ನಮ್ಮ ಕಿಟಕಿಯ ಕಡೆ ಬಂದು, ತಕ್ಷಣ ನೆಲಕ್ಕೆ ಹೋಯಿತು.

"ಏನದು, ಏನದು?" ಎಂದು ಭಾವನವರು ಜಗಲಿಯಿಂದ ಇಳಿದರು.

ಸಾಬ್ರು ಮುಷ್ಟಿ ಮುಚ್ಚಿದರು.

"ಹೊಂಗೆ ಕಸ ಗೌಡ್ರೇ. ಎಲೆ, ಹೂವು, ಮಣ್ಣು. ಮರದ ಕೆಳಗೆ ವರ್ಷಗಟ್ಟಲೆ ನಿಲ್ಸಿದ್ರೆ ಇನ್ನೇನಾಗುತ್ತೆ? ಲಕ್ಷ್ಮಿನೂ ಇಲ್ಲ, ಶನಿನೂ ಇಲ್ಲ."

"ಮತ್ತೆ ಶುಕ್ರವಾರ?"

"ಗುರುವಾರ ಸಾಯಂಕಾಲ ಮುನಿರಾಜು ಗಾಡಿ ತೊಳೀತಾನಲ್ಲ, ಅದು."

ಮುನಿರಾಜು ಗಾಡಿ ತೊಳೆಯುತ್ತಿದ್ದದ್ದು ಭಾನುವಾರ. ಅವನು ಸಾಬ್ರ ಮುಖ ನೋಡಿದ. "ಹೌದು ಭಾವ," ಅಂದ.

ಆ ಮುದ್ದೆಯನ್ನು ಸಾಬ್ರು ಚರಂಡಿಗೆ ಎಸೆಯಲಿಲ್ಲ. ಮರದ ಬುಡದಲ್ಲಿ ಕೈಯಿಂದಲೇ ಸ್ವಲ್ಪ ಮಣ್ಣು ಕೆದಕಿ, ಅದರೊಳಗಿಟ್ಟು ಮುಚ್ಚಿದರು. ಮುಚ್ಚಳಕ್ಕೆ ಹೊಸ ರಬ್ಬರು ಕೂರಿಸಿ ಬಿಗಿ ಮಾಡಿದರು. ಕೈ ತೊಳೆಯಲು ನಾನು ನೀರು ತಂದಾಗ ಭಾವನವರು ಇನ್ನೂ ಕಾರಿನೊಳಗೆ ಬಗ್ಗಿ ನೋಡುತ್ತಿದ್ದರು. ಸಾಬ್ರು ನನ್ನ ಮುಖ ನೋಡಲಿಲ್ಲ. ಮರದ ಕಡೆ ತಿರುಗಿ ಮೆಲ್ಲಗೆ ಹೇಳಿದರು.

"ಅಮ್ಮಾ, ಹೂವು ಇಡೋದು ಬಿಡಬೇಡಿ. ಹೊರಗೆ ಬೇಡ, ಅಷ್ಟೇ. ಒಳಗೆ ಸ್ಟೇರಿಂಗ್ ಮೇಲೆ ಇಡಿ. ಅವರು ಕೈ ಇಡ್ತಿದ್ದ ಜಾಗ ಅದೇ ಅಲ್ವಾ."

ಚೆಂಬು ಹಿಡಿದುಕೊಂಡು ಹಾಗೇ ಒಳಗೆ ಬಂದು ಅಡುಗೆಮನೆಯಲ್ಲಿ ಕೂತು ಅತ್ತೆ. ನಿಮ್ಮ ತಾತ ಹೋದ ಮೇಲಿನ ವರ್ಷದಲ್ಲಿ ಯಾರೂ ನನಗೆ ಏನನ್ನೂ ಮಾಡು ಎಂದಿರಲಿಲ್ಲ. ಇದು ಮಾಡಬೇಡ, ಅಲ್ಲಿ ನಿಲ್ಲಬೇಡ, ಎದುರು ಬರಬೇಡ ಎಂದೇ ಎಲ್ಲರೂ ಹೇಳಿದ್ದು. "ಬಿಡಬೇಡಿ" ಎಂದು ಹೇಳಿದವರು ಸಾಬ್ರೊಬ್ಬರೇ.

ಭಾನುವಾರ ಭಾವನವರು ತಾವೇ ನಾಲ್ಕು ಬಿಂದಿಗೆ ನೀರು ಹಾಕಿಸಿ, ಒಳಗೆ ಹೊಸ ರಂಗೋಲಿ ಪುಡಿ ಉದುರಿಸಿ ಪರೀಕ್ಷೆ ಮಾಡಿದರು. ಒಣಗಿಯೇ ಇತ್ತು. ಸೋಮವಾರ ಗೌರಿಬಿದನೂರಿನವರು ಬಂದರು. ಭಾವನವರು ಅವರಿಗೆ ಕಾಫಿ ಕೊಡಿಸಿ, "ಗಾಡಿ ಚೆನ್ನಾಗೈತೆ, ಯಾಕೆ ಮಾರ್ಲಿ?" ಎಂದು ಕಳಿಸಿಬಿಟ್ಟರು. ಆ ಕಾರು ಆಮೇಲೆ ಎಷ್ಟೋ ವರ್ಷ ಓಡಿ ನಿಮ್ಮಪ್ಪನನ್ನು ಓದಿಸಿತು.

ಮುಂದಿನ ಶುಕ್ರವಾರ ಬೆಳಕು ಹರಿದ ಮೇಲೆ ನಾನು ಸ್ಟೇರಿಂಗಿನ ಮೇಲೆ ಹೂವಿಟ್ಟೆ. ಮುನಿರಾಜು ನೋಡಿದ. "ಇಲ್ಲೇ ಇರ್ಲಿ ಅಕ್ಕಾ," ಎಂದು ಹಾಗೇ ಗಾಡಿ ತೆಗೆದ. ಭಾವನವರು ಅದನ್ನು ಕಂಡು, "ಏನೋ, ನಿನಗೂ ಭಕ್ತಿ ಬಂತೇನೋ?" ಎಂದು ಅವನನ್ನು ಛೇಡಿಸಿದರು. ಅವನು ಹಲ್ಲು ಕಿರಿದ.

ಸಾಬ್ರು ಆಮೇಲೆಯೂ ಕಾರಿನ ಕೆಲಸಕ್ಕೆ ಬರುತ್ತಿದ್ದರು. "ಚೆನ್ನಾಗಿದ್ದೀರಾ ಅಮ್ಮಾ?" "ಚೆನ್ನಾಗಿದ್ದೀನಿ ಸಾಬ್ರೇ." ನಮ್ಮ ಮಾತು ಅಷ್ಟೇ. ನೀವು ನನ್ನ ಮಾನ ಉಳಿಸಿದಿರಿ ಎಂದು ಹೇಳಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ. ನಾಲಿಗೆ ಏಳುತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಗೆ ಒಂದು ದಿನ ಮುನಿರಾಜು ಬಂದು, "ಸಾಬ್ರು ಹೋಗ್ಬಿಟ್ರಂತೆ ಅಕ್ಕಾ," ಎಂದ.

ನಾನು ಯಾರನ್ನೂ ಕೇಳದೆ ಕಾರಿನಲ್ಲಿ ಕೂತು ಅವರ ಮನೆಗೆ ಹೋದೆ. ಹೆಂಗಸರ ನಡುವೆ ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಕೂತೆ. ಇವರ ಹತ್ತಿರವಾದರೂ ಹೇಳಿಬಿಡಬೇಕು, ಇವರಿಗೆ ಎಲ್ಲ ಗೊತ್ತೇ ಇರುತ್ತದೆ ಅಂದುಕೊಂಡು, "ನಮ್ಮದು ಬಿಳಿ ಅಂಬಾಸಿಡರ್..." ಎಂದು ಶುರು ಮಾಡಿದೆ.

ಅವರು ನನ್ನ ಕೈ ಹಿಡಿದರು. "ಗೊತ್ತಮ್ಮಾ. ಶುಕ್ರವಾರ ನೀರು ಬರ್ತಿದ್ದ ಗಾಡಿ. ಮನೇಲಿ ಎಷ್ಟು ಸಲ ಹೇಳಿ ನಗ್ತಿದ್ರು." ಆಮೇಲೆ ಕಣ್ಣೊರೆಸಿಕೊಂಡು ಕೇಳಿದರು, "ಆ ಹೊಂಗೆ ಮರ ಕಡಿಸಿದ್ರಾ, ಇಲ್ವಾ?"

"ಇಲ್ಲಮ್ಮಾ," ಎಂದೆ.

ಮಕ್ಕಳೇ, ಸಾಬ್ರು ಹೆಂಡತಿಗೂ ಹೇಳದೆ ಬಿಟ್ಟದ್ದನ್ನು ನಾನು ನಿಮಗೆ ಬರೆದಿದ್ದೇನೆ. ಈಗ ಭಾವನವರೂ ಇಲ್ಲ, ನನಗೂ ವಯಸ್ಸಾಯಿತು, ಬಚ್ಚಿಡುವುದಕ್ಕೆ ಏನೂ ಉಳಿದಿಲ್ಲ. ಇದನ್ನು ಓದಿ ಆ ಕಡೆ ಈ ಕಡೆ ಬಿಸಾಡಬೇಡಿ. ತಾತನ ಫೋಟೋ ಇರುವ ಟ್ರಂಕಿನಲ್ಲಿ, ಫೋಟೋದ ಕೆಳಗೆ, ಜೋಪಾನವಾಗಿ ಇಡಿ. ದಸ್ತಗೀರ್ ಸಾಬ್ರ ಹೆಸರು ನಮ್ಮ ಮನೆಯಲ್ಲಿ ಒಂದು ಕಡೆಯಾದರೂ ಬರೆದಿರಲಿ.