ಉತ್ತರ ಕೊಡದ ಪೆಟ್ಟಿಗೆಗಳು

ದೊಮ್ಮಲೂರಿನ ಒಂದು ಚಿಕ್ಕ ಕಂಪನಿಯಲ್ಲಿ ನಾನು ಎರಡು ವರ್ಷ ಕೆಲಸ ಮಾಡಿದೆ. ಹೊರದೇಶದಿಂದ ತರಿಸಿದ ಎರಡು ಮುಚ್ಚಿದ ಪೆಟ್ಟಿಗೆಗಳು ಅಲ್ಲಿದ್ದವು. ಬೆಳಕಿನ ಕಣಗಳನ್ನು ಹಂಚಿಕೊಂಡು, ದೂರದ ಎರಡು ಜಾಗಗಳಲ್ಲಿ ಒಂದೇ ಗುಟ್ಟಿನ ಕೀಲಿಯನ್ನು, ಅಂದರೆ ಸಂದೇಶಕ್ಕೆ ಬೀಗ ಹಾಕುವ ಅಂಕಿಗಳ ಸಾಲನ್ನು, ಹುಟ್ಟಿಸುವುದು ಅವುಗಳ ಕೆಲಸ.

ಒಳಗೇನಿದೆಯೋ ನಮಗೆ ತಿಳಿದಿರಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ. ನನ್ನ ಮೇಲಿನವರಾಗಿದ್ದ ಮೇಡಂ ಮೊದಲ ದಿನವೇ ಹೇಳಿದ್ದರು: "ಇದನ್ನ ಮಾಡಿದೋನು ಕಳ್ಳನೇ ಆಗಿರ್ಲಿ. ನಾವು ಎರಡಕ್ಕೂ ಬೇರೆ ಬೇರೆ ಪ್ರಶ್ನೆ ಹಾಕ್ತೀವಿ. ಉತ್ತರಗಳು ಒಂದು ಮಟ್ಟ ಮೀರಿ ಹೊಂದಿಕೊಂಡ್ರೆ ಕೀಲಿ ಸೇಫ್. ಮೊದಲೇ ಉತ್ತರ ತುಂಬಿಟ್ಟ ಪೆಟ್ಟಿಗೆಗೆ ಅಷ್ಟು ಹೊಂದಿಸೋಕಾಗಲ್ಲ. ಆ ಟೆಸ್ಟ್ ಬಿಟ್ಟು ಯಾರನ್ನೂ ನಂಬಬೇಡ."

ಪೆಟ್ಟಿಗೆಗಳನ್ನು ಒಂದೇ ಮೇಜಿನ ಮೇಲಿಟ್ಟಾಗ ಟೆಸ್ಟ್ ಪಾಸಾದವು. ಒಂದನ್ನು ಕೆ.ಆರ್. ಪುರದ ಬಾಡಿಗೆ ಕೋಣೆಗೆ ಒಯ್ದು, ನೆಲದಡಿಯ ಫೈಬರ್ ಕೇಬಲ್‌ಗೆ ಜೋಡಿಸಿದ ಮೇಲೆ ಪಾಸಾಗಲಿಲ್ಲ. ದಾರಿಯಲ್ಲೇ ಬೆಳಕು ಕಳೆದುಹೋಗಿ, ಅರ್ಧಕ್ಕರ್ಧ ಪ್ರಶ್ನೆಗಳಿಗೆ ಉತ್ತರವೇ ಬರುತ್ತಿರಲಿಲ್ಲ. ಎಂಟು ತಿಂಗಳು ಶಿವಾಜಿನಗರದ ಮನೆಯಿಂದ ಬಸ್ಸಿನಲ್ಲಿ ಹೋಗಿ ಕೇಬಲ್ಲಿನ ತುದಿ ಒರೆಸಿದೆ, ಜೋಡಣೆ ಬದಲಿಸಿದೆ. ಏನೂ ಉಪಯೋಗವಾಗಲಿಲ್ಲ.

ಕೊನೆಗೆ ಕಂಪನಿಯ ಯಜಮಾನರು ಮೇಡಂ ಮತ್ತು ನನ್ನನ್ನು ಕರೆದರು. "ಉತ್ತರ ಬರದೇ ಇದ್ದಿದ್ದನ್ನ ತೆಗೆದು ಎಣಿಸಿ. ಉಳಿದಿದ್ದು ಪಾಸಾಗುತ್ತಲ್ಲ?"

"ಮೋಸದ ಪೆಟ್ಟಿಗೆ ಮಾಡೋದೇ ಅದು ಸರ್," ಅಂದರು ಮೇಡಂ. "ತನಗೆ ಬೇಡದ ಪ್ರಶ್ನೆ ಬಂದ್ರೆ ಸುಮ್ನಿದ್ಬಿಡುತ್ತೆ. ಅದನ್ನ ಬಿಟ್ಟು ಎಣಿಸಿದ್ರೆ ಈ ಟೆಸ್ಟ್‌ಗೆ ಅರ್ಥಾನೇ ಇಲ್ಲ."

"ಸೋಮವಾರ ಇದನ್ನ ಕೊಳ್ಳೋ ಆಸ್ಪತ್ರೆಯೋರು ನೋಡೋಕೆ ಬರ್ತಾರೆ, ಮೇಡಂ."

ಮೇಡಂ ಅಂದೇ ರಾಜೀನಾಮೆ ಕೊಟ್ಟರು. ಆಸ್ಪತ್ರೆಗೆ ಕೊಡುವ ಟೆಸ್ಟಿನ ವರದಿ ನನ್ನ ಕೈಗೆ ಬಂತು. ಅಬ್ಬಾನ, ಅಂದರೆ ನನ್ನ ತಂದೆಯ, ಡಯಾಲಿಸಿಸ್ ಕಂಪನಿಯ ಇನ್ಶೂರೆನ್ಸ್ ಮೇಲೆ ನಡೆಯುತ್ತಿತ್ತು. ಉತ್ತರ ಬಾರದ ಪ್ರಶ್ನೆಗಳ ಪುಟವನ್ನು ನಾನೇ ಅಳಿಸಿದೆ.

ಸೋಮವಾರ ಕೆ.ಆರ್. ಪುರದ ಕೋಣೆಯಲ್ಲಿ ಆಸ್ಪತ್ರೆಯ ಹಿರಿಯ ಅಧಿಕಾರಿಯೊಬ್ಬರು ನನ್ನ ಕಡೆಗೇ ತಿರುಗಿದರು. "ನೀನೇ ತಾನೇ ಇದನ್ನ ನಡೆಸೋದು, ನೀನು ಹೇಳಮ್ಮ. ನಮ್ಮ ಪೇಷೆಂಟ್‌ಗಳ ವಿಷಯ ಇದ್ರಲ್ಲಿ ಧೈರ್ಯವಾಗಿ ಕಳಿಸ್ಬಹುದಾ?"

ಯಜಮಾನರು ಪಕ್ಕದಲ್ಲೇ ನಿಂತಿದ್ದರು.

"ಟೆಸ್ಟ್ ಪಾಸಾಗಿದೆ ಸರ್," ಅಂದೆ.

ಅವರು ನನ್ನನ್ನು ನಂಬಿದರು. ಸಂಜೆ ಮೇಡಂಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. "ಅಬ್ಬಾ ಹೇಗಿದ್ದಾರೆ?" ಎಂದಷ್ಟೇ ಕೇಳಿದರು.

ಮರುತಿಂಗಳು ಪೆಟ್ಟಿಗೆಗಳು ಆಸ್ಪತ್ರೆಗೆ ಹೋದವು. ವರ್ಷ ಕಳೆಯುವಷ್ಟರಲ್ಲಿ ನಾನೂ ಆ ಕೆಲಸ ಬಿಟ್ಟೆ. ಆ ರೋಗಿಗಳ ವಿಷಯವನ್ನು ಯಾರಾದರೂ ಕದ್ದು ಓದಿದರೋ, ಓದುತ್ತಿದ್ದಾರೋ, ನನಗೆ ತಿಳಿಯದು. ತಿಳಿದುಕೊಳ್ಳಲು ದಾರಿಯೂ ಇಲ್ಲ.