ಹರಕೆಯ ಓಟ

ನಾನು ಮದುವೆಗೆ ಒಪ್ಪಿದ್ದು ಗಂಡನ ಮುಖ ನೋಡಿ ಅಲ್ಲ, ಆತ ಬರೆದ ಚಿತ್ರ ನೋಡಿ. ಗಜೇಂದ್ರಗಡದ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ ಆತ, ನರಗುಂದಕ್ಕೆ ಹೆಣ್ಣು ನೋಡಲು ಬರುವಾಗ ಒಂದು ಚಿತ್ರ ಸುತ್ತಿಕೊಂಡು ತಂದಿದ್ದ. ಅವರ ಊರಿನ ಗುಡ್ಡ, ಅದರ ಬುಡದಲ್ಲಿ ಸೂರ್ಯಕಾಂತಿ ಹೊಲ, ಗುಡ್ಡವನ್ನು ಬಳಸಿ ಮತ್ತೆ ಊರಿಗೇ ಬಂದು ಸೇರುವ ಕೆಮ್ಮಣ್ಣಿನ ದಾರಿ. ಮನೆಯವರೆಲ್ಲ ಬಣ್ಣ ಹೊಗಳಿದರು. ನಾನು ನೋಡಿದ್ದು ದಾರಿಯನ್ನು. ಕಾಲೇಜಿನ ಓಟದಲ್ಲಿ ನನ್ನನ್ನು ಹಿಂದೆ ಹಾಕಿದವರಿರಲಿಲ್ಲ. ಕಾಲುವೆ ದಂಡೆಯ ಮೇಲೆ ಓಡಿ ಬೆಳೆದವಳು; ಅದು ನೆಟ್ಟಗಿನ ದಾರಿ, ಹೋಗುವಾಗ ನೋಡಿದ್ದನ್ನೇ ನೋಡುತ್ತ ತಿರುಗಿ ಬರಬೇಕು. ಈ ಸುತ್ತು ನನಗೆ ಆಸೆ ಹುಟ್ಟಿಸಿತು. ಅಲ್ಲಿ ಓಡಬಹುದೇ ಎಂದು ಕೇಳಿದೆ.

"ಗುಡ್ಡ ಏನ್ ನಮ್ಮಪ್ಪಂದ? ಓಡ್ರಿ," ಎಂದು ಆತ ನಕ್ಕ. ಆ ನಗುವನ್ನು ನಾನು ಒಪ್ಪಿಗೆ ಎಂದು ತಿಳಿದುಕೊಂಡೆ.

ಮದುವೆಯ ಬಣ್ಣದ ಬಳೆ ಇನ್ನೂ ಕೈಯಲ್ಲಿದ್ದವು. ಒಂದು ನಸುಕಿನಲ್ಲಿ ಚೂಡಿದಾರ ಹಾಕಿ, ತವರಿನಿಂದ ತಂದಿದ್ದ ಬೂಟು ಕಟ್ಟಿಕೊಂಡು ಹೊರಬಿದ್ದೆ. ಆಗ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸುತ್ತಿದ್ದರು. ಊರವರು ಅವಕ್ಕೆ ಫ್ಯಾನು ಎನ್ನುತ್ತಿದ್ದರು. ರಾಜೂರ ದಾರಿಯ ತಿರುವಿನಲ್ಲಿ ಸ್ವಲ್ಪ ಇಳಿಜಾರು. ಅಲ್ಲಿ ನನ್ನ ಕಾಲು ನನ್ನ ಮಾತನ್ನೂ ಕೇಳಲಿಲ್ಲ. ಅಷ್ಟು ಸುಖ ನಾನು ಆ ಮನೆಯೊಳಗೆ ಎಂದೂ ಪಟ್ಟಿಲ್ಲ, ಇದನ್ನು ಮುಚ್ಚಿಡುವುದೇನು.

ತಿರುಗಿ ಬಂದಾಗ ಮನೆ ಮುಂದೆ ಓಣಿಯೇ ನೆರೆದಿತ್ತು. ನೀರಿಗೆ ಬಂದ ಯಾರೋ ನನ್ನನ್ನು ನೋಡಿ, ಮಾಸ್ತರನ ಹೆಂಡತಿ ಓಡಿಹೋದಳು ಎಂದು ಸುದ್ದಿ ಮಾಡಿದ್ದರು. ನಮ್ಮ ಮಾತಿನಲ್ಲಿ ಗಂಡಸು ಓಡಿದರೆ ಅದು ಓಟ, ಹೆಂಗಸು ಓಡಿದರೆ ಅವಳು ಓಡಿಹೋದಂತೆಯೇ ಲೆಕ್ಕ. ಅತ್ತೆ ಕಟ್ಟೆಯ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಬೆವರಿಳಿಸುತ್ತ ನಾನು ಬಂದು ನಿಂತಾಗ ಕೆಲವರ ಮುಖ ಸಪ್ಪಗಾದದ್ದನ್ನೂ ನೋಡಿದೆ.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎನ್ನುತ್ತಾರೆ. ನನ್ನ ಗಂಡ ಮುಚ್ಚಿದ. "ಓಡಿಹೋಗಿಲ್ರಿ, ಹರಕಿ ಐತಿ. ಮಕ್ಕಳಾಗ್ಲಿ ಅಂತ ಗುಡ್ಡ ಸುತ್ತತಾಳ," ಎಂದ. ಇಡೀ ಓಣಿ ನನಗೆ ಕೈಮುಗಿಯಿತು. ಮಕ್ಕಳು ಬೇಕೆಂದು ನಾನು ಯಾವ ದೇವರನ್ನೂ ಕೇಳಿರಲಿಲ್ಲ. ತನ್ನ ಮಾನ ಉಳಿಸಿಕೊಳ್ಳಲು ಆತ ನನ್ನ ಒಡಲನ್ನು ಅಡ್ಡ ಹಿಡಿದಿದ್ದ.

ಆದರೂ ಸುಮ್ಮನಿದ್ದೆ, ದಾರಿ ಉಳಿಯಿತಲ್ಲ ಎಂದು. ಹರಕೆಗೆ ಅತ್ತೆ ಕಟ್ಟಳೆ ಮಾಡಿದರು: ತಲೆಯ ಮೇಲೆ ನೀರು ಸುರಿದುಕೊಂಡು, ಕಚ್ಚೆ ಸೀರೆ ಉಟ್ಟು, ಬರಿಗಾಲಲ್ಲಿ ಹೋಗಬೇಕು. ಬೂಟು ಟ್ರಂಕು ಸೇರಿತು. ಹಾಗಿದ್ದೂ ಓಡಿದೆ. ಎರೆಹೊಲದ ಅಂಚಿನಲ್ಲಿ ಕರಿಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತಿತ್ತು, ಕೆಮ್ಮಣ್ಣಿಗೆ ಬಂದರೆ ತಾನೇ ಉದುರುತ್ತಿತ್ತು. ತಿರುವಿನಲ್ಲಿ ನೇಕಾರರ ಮನೆಯ ಮುಸಲ್ಮಾನ ಮುದುಕಿಯೊಬ್ಬಳು ಬಾಗಿಲಲ್ಲಿ ಕೂತು ನೂಲು ಸುತ್ತುತ್ತಿದ್ದಳು. ಚಿಕ್ಕಮ್ಮ ಎನ್ನುವಂತೆ ನಾನು ಅವಳಿಗೆ ಖಾಲಾ ಎನ್ನುತ್ತಿದ್ದೆ. ಒಮ್ಮೆ ನೀರು ಕೊಟ್ಟು, ನನ್ನ ಮುಖವನ್ನೇ ನೋಡಿ ಹೇಳಿದಳು: "ನಿಂದು ಹರಕಿ ಅಲ್ಲ ಬಿಡವಾ. ಹರಕಿ ಹೊತ್ತಾಕಿ ಮಾರಿ ಹಿಂಗ ನಗಂಗಿಲ್ಲ." ಆ ಊರಲ್ಲಿ ನನ್ನನ್ನು ಕಂಡವಳು ಅವಳೊಬ್ಬಳೇ. ಯಾರಿಗೂ ಹೇಳಬೇಡ ಎಂದೆ. ಅವಳು ಹೇಳಲಿಲ್ಲ.

ಮುಂದೆ ನಾನು ಬಸಿರಾದೆ. ಊರಿಗೆ ಊರೇ ಹರಕೆ ಫಲಿಸಿತು ಎಂದಿತು. ಅತ್ತೆ ಹೋಳಿಗೆ ಮಾಡಿ, ಕಾಯಿ ಒಡೆಸಿ, ಹರಕೆ ಮುಟ್ಟಿಸಿದರು. ಬಸಿರಲ್ಲಿ ಓಡಬೇಡ ಎಂದದ್ದಕ್ಕೆ ನನ್ನ ತಕರಾರಿರಲಿಲ್ಲ. ಮಗಳು ಹುಟ್ಟಿ, ಮೊಲೆ ಬಿಟ್ಟು, ಅಂಗಳದಲ್ಲಿ ನಡೆದಾಡುವಂತಾದ ಮೇಲೆ ಮತ್ತೆ ಹೋಗುತ್ತೇನೆ ಎಂದೆ. ಅತ್ತೆಗೆ ದಿಗಿಲಾಯಿತು. ಕೊಟ್ಟ ದೇವರನ್ನು ಮತ್ತೆ ಕಾಡಿದರೆ ಕೊಟ್ಟದ್ದನ್ನೇ ಕಸಿದುಕೊಳ್ಳುತ್ತಾನೆ ಎಂದು ಕೂಸನ್ನು ಅವಚಿಕೊಂಡರು. ಅವರು ಮನಸಾರೆ ನಂಬಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಗಂಡನ ಕಡೆ ನೋಡಿದೆ. ಸುಳ್ಳು ಹುಟ್ಟಿಸಿದವನು ಒಂದು ಮಾತಿನಲ್ಲಿ ಅದನ್ನು ಮುಗಿಸಬಹುದಿತ್ತು. ಆತ ಕುಂಚ ತೊಳೆಯುತ್ತಿದ್ದ.

"ಹರಕಿ ಮುಟ್ಟೇತಲ್ಲ, ಇನ್ನ್ಯಾಕ?" ಎಂದ.

ಆ ವರ್ಷವೇ ಅದೇ ದಾರಿಯ ದೊಡ್ಡ ಚಿತ್ರ ಬರೆದ. ಪಡಸಾಲೆಯಲ್ಲಿ ಈಗಲೂ ಇದೆ. ಗುಡ್ಡ ಇದೆ, ಸೂರ್ಯಕಾಂತಿ ಇದೆ, ಫ್ಯಾನುಗಳಿಲ್ಲ. ಅವು ಚಿತ್ರ ಕೆಡಿಸುತ್ತವೆಯಂತೆ. ಇಳಿಜಾರಿನ ತಿರುವಿನಲ್ಲಿ, ನಾನು ಎಲ್ಲಕ್ಕಿಂತ ಜೋರಾಗಿ ಓಡುತ್ತಿದ್ದ ಜಾಗದಲ್ಲಿ, ತಲೆಯ ಮೇಲೆ ಸೆರಗು ಹೊದ್ದು, ಆರತಿ ತಟ್ಟೆ ಹಿಡಿದು, ಕಣ್ಣು ಕೆಳಗೆ ಹಾಕಿದ ಒಬ್ಬ ಹೆಂಗಸು. ಬಂದವರೆಲ್ಲ ಹೊಗಳುತ್ತಾರೆ. ನಾನು ಅವರಿಗೆ ಚಹಾ ಕೊಡುತ್ತೇನೆ.

ಮಾತು ಕಲಿತ ಮಗಳು ಒಂದು ಸಂಜೆ ಓಡುತ್ತ ಬಂದವಳು ಆ ಚಿತ್ರದ ಮುಂದೆ ಗಕ್ಕನೆ ನಿಂತು ಕೇಳಿದಳು: "ಯವ್ವಾ, ಈಕಿ ಯಾಕ ಅಲ್ಲೇ ನಿಂತಾಳ?"

ಒಳಗಿನ ಕೋಣೆಯಲ್ಲಿ ಗಂಡ ಇದ್ದ. ಅವನಿಗೂ ಕೇಳಲಿ ಎಂದೇ ಹೇಳಿದೆ.

"ಆಕಿ ನಿಂತಿಲ್ಲವ್ವಾ, ನಿಲ್ಲಿಸ್ಯಾರ."